ಮೋಡೆಂ ಸಾಹೇಬರು

ಯಾವ ಯಂತ್ರ ಕೆಟ್ಟಿದೆಯೆಂದು ಕರೆಸಿದರೂ ಅವರು ಮೊದಲು ಯಂತ್ರದ ಕಡೆ ನೋಡುತ್ತಿರಲಿಲ್ಲ. ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟು, ಭುಜದ ಚೀಲ ಇಳಿಸಿ, ಒಂದು ಲೋಟ ನೀರು ಕುಡಿದು, ಅಲ್ಲಿದ್ದವರ ಮುಖಗಳನ್ನು ಒಂದೊಂದಾಗಿ ನೋಡಿ, "ಕೊನೇ ಸಲ ಸರಿಯಾಗಿ ಕೆಲ್ಸ ಮಾಡಿದ್ದು ಯಾವಾಗ? ಆಮೇಲೆ ಯಾರು ಏನು ಮುಟ್ಟಿದ್ರಿ?" ಎಂದು ಕೇಳುತ್ತಿದ್ದರು. ಯಾವ ಆಫೀಸಿನಲ್ಲೂ ಯಾರೂ ಏನನ್ನೂ ಮುಟ್ಟಿರುತ್ತಿರಲಿಲ್ಲ. ಹಾಗೆಂದು ಎಲ್ಲರೂ ತಲೆಯಾಡಿಸಿದರೆ ಅವರು ಚೀಲವನ್ನು ಮತ್ತೆ ಭುಜಕ್ಕೇರಿಸಿಕೊಳ್ಳುವವರಂತೆ ಮಾಡಿ, "ಮನುಷ್ಯರು ಮುಟ್ಟಿಲ್ಲ ಅಂದ್ರೆ ದೆವ್ವ ಮುಟ್ಟಿರ್ಬೇಕು. ಅದು ನನ್ನ ಡಿಪಾರ್ಟ್‌ಮೆಂಟ್ ಅಲ್ಲಪ್ಪ. ದರ್ಗಾಕ್ಕೋ ದೇವರಾಯನದುರ್ಗಕ್ಕೋ ಹೋಗ್ಬನ್ನಿ," ಎನ್ನುತ್ತಿದ್ದರು. ಆಗ ಮೂಲೆಯಿಂದ ಯಾರಾದರೂ ಒಬ್ಬರು ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

ಅವರು ತೀರಿಕೊಂಡ ಸುದ್ದಿ ಹೋದ ತಿಂಗಳು ನಮ್ಮ ಹಳೇ ಸಿಬ್ಬಂದಿಯ ವಾಟ್ಸಾಪ್ ಗುಂಪಿನಲ್ಲಿ ಬಂತು. ಒಂದು ಮಸುಕು ಫೋಟೋ, ಕೆಳಗೆ ಸಾಲಾಗಿ ಮುಗಿದ ಕೈಗಳು. ನಾನೂ ಒಂದು ಜೋಡಿ ಕೈ ಹಾಕಿ ಫೋನ್ ಕೆಳಗಿಟ್ಟೆ. ನಿಜ ಹೇಳಬೇಕೆಂದರೆ ಆ ಕ್ಷಣಕ್ಕೆ ನನಗೆ ದುಃಖಕ್ಕಿಂತ ಹೆಚ್ಚಾಗಿ ಹಳೆಯದೊಂದು ಮುನಿಸು ನೆನಪಾಯಿತು. ಅವರ ಮೇಲೆ ನಾನು ಹತ್ತಾರು ವರ್ಷ ಮುನಿಸಿಕೊಂಡಿದ್ದೆ. ಮೂಗಿನ ತುದಿಯಲ್ಲೇ ಸಿಟ್ಟು ಎಂದು ನನ್ನನ್ನು ನಮ್ಮಮ್ಮ ಬೈಯುತ್ತಿದ್ದುದು ಸುಮ್ಮನೆ ಅಲ್ಲ.

ನಮ್ಮದು ಬಿತ್ತನೆ ಬೀಜದ ಕಂಪನಿ. ತುಮಕೂರಿನಲ್ಲಿ ಹೆಡ್ಡಾಫೀಸು, ಗುಬ್ಬಿ, ಕುಣಿಗಲ್, ಗೂಳೂರುಗಳಲ್ಲಿ ಡಿಪೋಗಳು. ಕಂಪ್ಯೂಟರ್ ಬಂದ ಹೊಸತರಲ್ಲಿ ಪ್ರತಿ ಡಿಪೋಗೂ ಒಂದು ಮೋಡೆಂ ಕೊಟ್ಟಿದ್ದರು. ಈಗಿನವರು ಅದನ್ನು ನೋಡಿರಲಿಕ್ಕಿಲ್ಲ. ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ, ಮುಂದೆ ಸಾಲಾಗಿ ಕೆಂಪು ದೀಪಗಳು. ಒಂದು ದಪ್ಪ ಕೇಬಲ್ಲಿನಿಂದ ಕಂಪ್ಯೂಟರಿಗೆ ಅಂಟಿಕೊಂಡು, ಇನ್ನೊಂದು ಸಣ್ಣ ವೈರಿನಿಂದ ಗೋಡೆಯ ಟೆಲಿಫೋನ್ ಲೈನು ಹಿಡಿದುಕೊಂಡು ಕೂತಿರುತ್ತಿತ್ತು. ಸಾಯಂಕಾಲ ನಾಲ್ಕಕ್ಕೆ ಅದು ತಾನೇ ತುಮಕೂರಿಗೆ ಫೋನ್ ಮಾಡುತ್ತಿತ್ತು. ಮೊದಲು ಗುಂಯ್ ಅನ್ನುವ ಡಯಲ್ ಟೋನು, ಆಮೇಲೆ ನಂಬರು ಒತ್ತುವ ಸದ್ದು, ಆಮೇಲೆ ಆ ಕಡೆಯ ಮೋಡೆಂ ಎತ್ತಿಕೊಂಡಾಗ ಕರ್ಕಶವಾದ ಒಂದು ಕಿರಿಚಾಟ. ಆ ಕಿರಿಚಾಟ ನಿಂತು ಒಂದು ದೀಪ ಹತ್ತಿ ಉಳಿಯಿತೆಂದರೆ ನಮ್ಮ ದಿನದ ಲೆಕ್ಕ, ಮರುದಿನ ಬೇಕಾದ ಬೀಜದ ಪಟ್ಟಿ ಎಲ್ಲ ತುಮಕೂರು ಸೇರಿತು ಅಂತ ಅರ್ಥ.

ಸೇರದ ದಿನಗಳೇ ಹೆಚ್ಚು. ಅದಕ್ಕಾಗಿಯೇ ಇದ್ದವರು ಇವರು. ಹುದ್ದೆಯ ಹೆಸರು ಟೆಕ್ನಿಷಿಯನ್. ಊರು ಕುಣಿಗಲ್. ಬೆಳಿಗ್ಗೆ ಕೆರೆ ಏರಿಯ ಮೇಲೆ ಒಂದು ಸುತ್ತು ಹಾಕಿ, ನಮಾಜು ನಾಷ್ಟಾ ಮುಗಿಸಿ ಬಸ್ಸು ಹಿಡಿಯುತ್ತಿದ್ದರು. ಡಿಪೋಗಳಲ್ಲಿ ಎಲ್ಲರ ಬಾಯಲ್ಲೂ ಅವರು ಮೋಡೆಂ ಸಾಹೇಬರು. ತೆಳ್ಳಗೆ, ಎತ್ತರಕ್ಕೆ, ಗೋರಂಟಿ ಹಚ್ಚಿದ ಗಡ್ಡ, ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ. ಅಂಗಿಯ ಜೇಬಿನಲ್ಲಿ ಯಾವಾಗಲೂ ತುದಿ ಕಿತ್ತ ಖಾಲಿ ರೀಫಿಲ್ ಒಂದಿರುತ್ತಿತ್ತು. ಕೇಬಲ್ಲಿನ ಮೂತಿಯಲ್ಲಿರುವ ಸೂಜಿಯಂಥ ಪಿನ್ನುಗಳು ಬಗ್ಗಿದ್ದರೆ ಆ ರೀಫಿಲ್ಲಿನ ಕೊಳವೆಯೊಳಗೆ ಪಿನ್ನು ತೂರಿಸಿ ಮೆಲ್ಲಗೆ ನೆಟ್ಟಗೆ ಮಾಡುತ್ತಿದ್ದರು. ಇಕ್ಕಳ ಕೊಟ್ಟರೆ ಮುಟ್ಟುತ್ತಿರಲಿಲ್ಲ.

ಅವರ ಕೆಲಸದ ಕ್ರಮ ಒಂದೇ. ಗೋಡೆಯಿಂದ ಶುರು. ಚೀಲದಲ್ಲಿ ಒಂದು ಹಳೇ ಟೆಲಿಫೋನು ಹೊತ್ತು ತರುತ್ತಿದ್ದರು. ಅದನ್ನು ಗೋಡೆಗೇ ನೇರ ಸಿಕ್ಕಿಸಿ ಲೈನು ನೋಡುವುದು, ಆಮೇಲೆ ವೈರು, ಆಮೇಲೆ ಮೋಡೆಂ, ಆಮೇಲೆ ಕೇಬಲ್ಲು, ಕಟ್ಟಕಡೆಗೆ ಕಂಪ್ಯೂಟರು. "ನೀರು ಬರ್ತಿಲ್ಲ ಅಂದ್ರೆ ಕೊಡಕ್ಕೆ ಬೈದ್ರೆ ಏನ್ ಬಂತು? ಮೊದ್ಲು ನೀರಿನ ತೊಂಬೆ, ನಲ್ಲಿ ನೋಡ್ಬೇಕು," ಎನ್ನುತ್ತಿದ್ದರು. ಅವಸರ ಮಾಡಿಸಲು ಯಾರಿಂದಲೂ ಆಗುತ್ತಿರಲಿಲ್ಲ.

ಎರಡನೆಯ ಕ್ರಮ, ರಿಪೋರ್ಟು. ಕೆಲಸ ಮುಗಿದ ಮೇಲೆ ಹೆಡ್ಡಾಫೀಸಿಗೆ ಒಂದು ಹಾಳೆ ತುಂಬಿಸಿ ಕೊಡಬೇಕಿತ್ತು. ದೂರು ಏನು, ಕಾರಣ ಏನು, ಪತ್ತೆ ಮಾಡಿದವರು ಯಾರು, ಸರಿಪಡಿಸಿದವರು ಯಾರು, ಹೀಗೆ ನಾಲ್ಕು ಕಾಲಂ. ಬೇರೆಯವರಾದರೆ 'ತಾಂತ್ರಿಕ ದೋಷ' ಎಂದು ಗೀಚಿ ಎದ್ದುಬಿಡುತ್ತಿದ್ದರು. ಇವರು ಮಾತ್ರ ದುಂಡಗಿನ ಕನ್ನಡದಲ್ಲಿ ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದರು.

ಕುಣಿಗಲ್ ಡಿಪೋದ ಕತೆ ಕಂಪನಿಯಲ್ಲೆಲ್ಲ ಪ್ರಸಿದ್ಧವಾಗಿತ್ತು. ಅಲ್ಲಿ ದಿನಾ ನಾಲ್ಕು ಗಂಟೆಗೆ ಮೋಡೆಂ ಕಿರಿಚಿ, ದೀಪ ಹತ್ತಿ, ಐದೇ ನಿಮಿಷಕ್ಕೆ ಕಳಚಿಕೊಳ್ಳುತ್ತಿತ್ತು. ಸಾಹೇಬರು ಗೋಡೆಯಿಂದ ಶುರು ಮಾಡಿ, ಒಳಗೆಲ್ಲ ಸರಿಯಿದೆಯೆಂದಾದಾಗ ಹೊರಗೆ ಹೋಗಿ ಲೈನಿನ ಗುಂಟ ನಡೆದರು. ಲೈನು ಶೀಟಿನ ಮೇಲೆ ಹತ್ತಿ, ಹಿಂದುಗಡೆಯ ಮಾವಿನ ಮರ ದಾಟಿ, ಮ್ಯಾನೇಜರ ಮನೆಯ ಕಿಟಕಿಯೊಳಗೆ ಇಳಿದಿತ್ತು. ಕಂಪನಿಯ ಲೈನಿಗೇ ಮನೆಯಲ್ಲೊಂದು ಫೋನು ಜೋಡಿಸಿಕೊಂಡಿದ್ದರು. ಸಾಹೇಬರು ರಿಪೋರ್ಟಿನ ಕಾರಣದ ಕಾಲಮ್ಮಿನಲ್ಲಿ ಬರೆದರು: 'ಮ್ಯಾನೇಜರವರ ಶ್ರೀಮತಿಯವರು ಸಾಯಂಕಾಲ ನಾಲ್ಕು ಗಂಟೆ ಐದು ನಿಮಿಷಕ್ಕೆ ತಂಗಿಯವರಿಗೆ ಫೋನ್ ಮಾಡುವುದು.'

ಮ್ಯಾನೇಜರು ಕೈಮುಗಿದರಂತೆ. "ಸಾಹೇಬ್ರೆ, ನಾನೇ ವೈರ್ ತೆಗಿಸ್ಬಿಡ್ತೀನಿ. ಲೈನ್ ಪ್ರಾಬ್ಲಂ ಅಂತ ಬರೆದ್ಬಿಡಿ."

"ಲೈನ್ ಏನ್ ತಪ್ಪು ಮಾಡಿದೆ ಸ್ವಾಮಿ? ಅದಕ್ಕ್ಯಾಕೆ ಕೆಟ್ಟ ಹೆಸ್ರು?" ಎಂದರಂತೆ ಇವರು.

ಇಂಥವರು ಒಂದು ದಿನ ಗುಬ್ಬಿಗೆ ಬರುತ್ತಾರೆಂದು ಗೊತ್ತಾಯಿತು. ಆ ಸಲ ಮುಟ್ಟಿದವಳು ನಾನು.

ನಾನಾಗ ಗುಬ್ಬಿ ಡಿಪೋದಲ್ಲಿ ಕಂಪ್ಯೂಟರ್ ಆಪರೇಟರ್. ಟೆಂಪರರಿ. ಗಂಡನ ಮನೆ ಬಿಟ್ಟು ಬಂದು ಅಣ್ಣನ ಮನೆಯಲ್ಲಿದ್ದೆ. ಬಿಟ್ಟು ಬಂದದ್ದೇಕೆ ಎಂಬುದು ಇಲ್ಲಿ ಬೇಡ, ವಾಪಸು ಹೋಗುವಂಥ ಜಾಗ ಅದಾಗಿರಲಿಲ್ಲ ಅಷ್ಟೇ. ಕೆಲಸ ಇರುವವರೆಗೆ ಅತ್ತಿಗೆ ನನಗೂ ಒಂದು ತಟ್ಟೆ ಇಡುತ್ತಿದ್ದಳು. ಕೆಲಸ ಹೋದ ಮರುದಿನವೇ ಹಿರಿಯರು ಕೂತು 'ಹೊಂದ್ಕೊಂಡು ಹೋಗಮ್ಮ' ಎಂದು ನನ್ನನ್ನು ಬಸ್ಸು ಹತ್ತಿಸುತ್ತಿದ್ದರು. ಅದು ನನಗೆ ಕಣ್ಣಿಗೆ ಕಟ್ಟಿದಂತೆ ಗೊತ್ತಿತ್ತು.

ಆಗಿದ್ದು ಇಷ್ಟು. ಆಯುಧಪೂಜೆಯ ದಿನ ನಮ್ಮ ಮ್ಯಾನೇಜರು, "ಎಲ್ಲಾ ಬಿಚ್ಚಿ ಚೆನ್ನಾಗಿ ಒರೆಸಿ ಪೂಜೆಗಿಡಮ್ಮ, ಧೂಳು ಕೂತದೆ," ಎಂದರು. ಮೋಡೆಮ್ಮಿನ ಮೇಲೆ ಹೆಡ್ಡಾಫೀಸಿನವರು 'ಯಾರೂ ಮುಟ್ಟಬಾರದು' ಎಂದು ಚೀಟಿ ಅಂಟಿಸಿದ್ದರು. ತಕ್ಕಡಿ, ಮೂಟೆ ಹೊಲಿಯುವ ಯಂತ್ರ, ಕಂಪ್ಯೂಟರು ಎಲ್ಲಕ್ಕೂ ಪೂಜೆಯಾಗಿ ಅದೊಂದೇ ಧೂಳು ಹೊತ್ತು ಕೂತರೆ ಚೆನ್ನಾಗಿರುತ್ತದೆಯೇ? ವೈರುಗಳನ್ನೆಲ್ಲ ಬಿಚ್ಚಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಮುಂದೆ ಹಿಂದೆ ಎರಡೂ ಕಡೆ ಗಂಧ ಬಳಿದು, ಕುಂಕುಮ ಇಟ್ಟು, ಸೇವಂತಿಗೆ ಮುಡಿಸಿದೆ. ರಜ ಮುಗಿಸಿ ಬಂದು ವೈರುಗಳನ್ನು ಮತ್ತೆ ಸಿಕ್ಕಿಸಿದೆ. ಅವತ್ತಿನಿಂದ ಮೋಡೆಂ ತುಮಕೂರಿಗೆ ಮಾತಾಡಲಿಲ್ಲ. ಕಂಪನಿಯ ಪ್ರೋಗ್ರಾಮು ಪರದೆಯ ಮೇಲೆ ತೋರಿಸುತ್ತಿದ್ದುದು ಒಂದೇ ಮಾತು: ಸಂಪರ್ಕ ವಿಫಲ. ಏನು ಕೆಟ್ಟರೂ ಅದು ಅಷ್ಟನ್ನೇ ಹೇಳುತ್ತಿತ್ತು.

ವಿಚಿತ್ರವೆಂದರೆ ಮೋಡೆಮ್ಮಿಗೆ ಜೋಡಿಸಿದ್ದ ಆಫೀಸಿನ ಫೋನು ಮಾತ್ರ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಹಾಗಿದ್ದ ಮೇಲೆ ಲೈನು ಸರಿಯಿದೆ, ಕಂಪ್ಯೂಟರನ್ನೇ ಯಾರೋ ಕೆಡಿಸಿದ್ದಾರೆ ಎಂದು ಮ್ಯಾನೇಜರು ತೀರ್ಮಾನಿಸಿದರು. ಯಾರೋ ಅಂದರೆ ನಾನು. ಫೋನಿನಲ್ಲಿ ಹೇಳಿದ ಪಟ್ಟಿಯನ್ನು ಹೆಡ್ಡಾಫೀಸು ತೆಗೆದುಕೊಳ್ಳುತ್ತಿರಲಿಲ್ಲ, ಕಂಪ್ಯೂಟರಿನಲ್ಲಿ ಬಂದರೆ ಮಾತ್ರ ಲಾರಿ ಎಂದು ಹೊಸ ಕಾನೂನು ಮಾಡಿಕೊಂಡಿದ್ದರು. ಚಿತ್ತೆ ಮಳೆ ಬಿದ್ದು ನೆಲ ಹದವಾಗಿತ್ತು. ಹುರುಳಿ ಬೀಜಕ್ಕೆ ಬಂದ ರೈತರು ಶಟರಿನ ಮುಂದೆ ಕೂತಿದ್ದರು.

"ಹದ ಹೋದ್ಮೇಲೆ ಬೀಜ ತಗಂಡು ಏನ್ ಹುರ್ಕೊಂಡ್ ತಿನ್ನಾನಾ?" ಎಂದು ಒಬ್ಬರು ಕೂಗಿದಾಗ ಮ್ಯಾನೇಜರು ನನ್ನ ಕಡೆ ಕೈ ತೋರಿಸಿ, "ಈಯಮ್ಮ ಮಿಷನ್ ಕೆಡಿಸವ್ರೆ, ನಾನೇನ್ ಮಾಡ್ಲಿ?" ಎಂದರು. ನನ್ನ ಬದಲಿಗೆ ಬೇರೆ ಆಪರೇಟರ್ ಕೊಡಿ ಎಂದು ತುಮಕೂರಿಗೆ ಫೋನು ಮಾಡಿಯೂ ಆಗಿತ್ತು. ಟೆಕ್ನಿಷಿಯನ್ ರಿಪೋರ್ಟು ಬರಲಿ, ನೋಡೋಣ ಎಂದು ಅಲ್ಲಿಂದ ಉತ್ತರ ಬಂದಿತ್ತು.

ಮೂರನೆಯ ದಿನ ಹತ್ತು ಗಂಟೆಗೆ ಸಾಹೇಬರು ಬಂದರು. ಚಪ್ಪಲಿ ಬಿಟ್ಟರು. ನೀರು ಕುಡಿದರು. ಅದೇ ಪ್ರಶ್ನೆ ಕೇಳಿದರು.

"ಯಾರೂ ಮುಟ್ಟಿಲ್ಲ ಸಾರ್," ಎಂದೆ ನಾನು.

ಅವರು ನನ್ನ ಬಾಯನ್ನೇ ನೋಡುತ್ತಿದ್ದರು. ಮಾತಾಡುವವರ ಬಾಯಿ ನೋಡುವುದು ಅವರ ಅಭ್ಯಾಸ, ಸುಳ್ಳು ಹಿಡಿಯಲಿಕ್ಕೆ ಹಾಗೆ ನೋಡುತ್ತಾರೆಂದು ನಮ್ಮ ನಂಬಿಕೆ. "ಇನ್ನೊಂದ್ಸಲ ಹೇಳಿ," ಎಂದರು. ಇನ್ನೊಂದು ಸಲವೂ ಅದೇ ಸುಳ್ಳು ಹೇಳಿದೆ. ಅವರು ಮೋಡೆಮ್ಮಿನ ಕಡೆ ತಿರುಗಿದರು. "ಮತ್ತೆ ಈ ಕುಂಕುಮ ತಾನೇ ನಡ್ಕೊಂಡ್ ಬಂತಾ?"

ಮ್ಯಾನೇಜರು ನಕ್ಕುಬಿಟ್ಟರು. "ಆಯುಧಪೂಜೆ ಅಲ್ವಾ ಸಾಹೇಬ್ರೆ! ನಾನೇ ಹೇಳಿ ಎಲ್ಲಾ ಬಿಚ್ಚಿ ಒರೆಸ್ಸಿದ್ದು. ವರ್ಷಕ್ಕೊಂದಿನ ಮಿಷನ್‌ಗೂ ಮರ್ಯಾದೆ ಬೇಡ್ವಾ?"

"ಬೇಕು ಬೇಕು," ಎಂದರು ಸಾಹೇಬರು. ಮ್ಯಾನೇಜರು ರೈತರನ್ನು ಸಮಾಧಾನ ಮಾಡಲು ಹೊರಗೆ ಹೋದರು.

ಸಾಹೇಬರು ಹಳೇ ಟೆಲಿಫೋನನ್ನು ಗೋಡೆಗೆ ಸಿಕ್ಕಿಸಿ, ರಿಸೀವರನ್ನು ತಾವು ಕಿವಿಗಿಟ್ಟುಕೊಳ್ಳದೆ ನನ್ನ ಕೈಗೆ ಕೊಟ್ಟರು.

"ಏನ್ ಕೇಳುತ್ತಮ್ಮ?"

"ಗುಂಯ್ ಅಂತೈತೆ ಸಾರ್."

"ಒಂದೇ ಸಮ ಇದೆಯಾ, ನಡುನಡುವೆ ಕರಕರ ಅಂತಾ?"

"ಒಂದೇ ಸಮ."

"ಹಾಗಾದ್ರೆ ಗೋಡೆ ತನಕ ಸರಿ." ಕೇಬಲ್ಲಿನ ಪಿನ್ನುಗಳನ್ನು ಕನ್ನಡಕ ಮೇಲೆತ್ತಿ ಒಂದೊಂದಾಗಿ ನೋಡಿದರು. ಎಲ್ಲ ನೆಟ್ಟಗಿದ್ದವು. ಆಮೇಲೆ ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಎರಡಕ್ಷರ ಹೊಡೆಸಿದರು. ಪರದೆಯ ಮೇಲೆ 'ಓಕೆ' ಎಂದು ಬಂತು. "ನೋಡಿ, ಕಂಪ್ಯೂಟ್ರು ಕರೀತು, ಮೋಡೆಂ 'ಆ' ಅಂತು. ಇವರಿಬ್ಬರ ಸಂಸಾರ ಚೆನ್ನಾಗಿದೆ. ಈಗ ತುಮಕೂರಿಗೆ ಡಯಲ್ ಮಾಡ್ಸಿ, ಪೆಟ್ಟಿಗೆಗೆ ಕಿವಿ ಇಟ್ಟು ಕೇಳಿ."

ಬಗ್ಗಿ ಕಿವಿ ಇಟ್ಟೆ. ಗಂಧದ ವಾಸನೆ ಇನ್ನೂ ಇತ್ತು. "ಟಕ್ ಅಂತು ಸಾರ್. ಆಮೇಲೆ ಏನೂ ಇಲ್ಲ."

"ಗುಂಯ್ ಅನ್ಲಿಲ್ವಾ?"

"ಇಲ್ಲ."

"ಇನ್ನೊಂದ್ಸಲ ಮಾಡ್ಸಿ. ಸರಿಯಾಗಿ ಕೇಳಿ. ನೀವು ಹೇಳಿದ್ರ ಮೇಲೇ ನಾನು ಮುಂದಕ್ಕೆ ಹೋಗೋದು."

ಮೂರು ಸಲ ಮಾಡಿಸಿದರು. ಮೂರು ಸಲವೂ ಟಕ್, ಆಮೇಲೆ ಮೌನ. ನನಗೆ ಕಿರಿಕಿರಿಯಾಗತೊಡಗಿತ್ತು. ಈ ಮನುಷ್ಯನಿಗೆ ಕಿವಿಯಿಲ್ಲವೇ, ತಾನೇ ಬಗ್ಗಿ ಕೇಳಬಾರದೇ ಎಂದುಕೊಂಡೆ. ಮರುಕ್ಷಣವೇ, ನನಗೆ ಪಾಠ ಹೇಳಿಕೊಡುತ್ತಿದ್ದಾರೆ ಎಂದು ನಾನೇ ಅರ್ಥ ಮಾಡಿಕೊಂಡೆ.

"ಗೋಡೆ ಹತ್ರ ಗುಂಯ್ ಇದೆ, ಪೆಟ್ಟಿಗೆ ಒಳಗೆ ಇಲ್ಲ. ನಡುವೆ ಏನಿದೆ?"

"ಒಂದು ವೈರು."

"ಅದರ ಗುಂಟ ಹೋಗಿ."

ಬೆರಳಿನಿಂದ ವೈರು ಸವರಿಕೊಂಡು ಪೆಟ್ಟಿಗೆಯ ಬೆನ್ನಿಗೆ ಹೋದೆ. ಅಲ್ಲಿ ಒಂದರ ಪಕ್ಕ ಒಂದು, ಅವಳಿ ಮಕ್ಕಳಂತೆ ಎರಡು ತೂತು. ಒಂದರಲ್ಲಿ ಗೋಡೆಯಿಂದ ಬಂದ ವೈರು, ಇನ್ನೊಂದರಲ್ಲಿ ಆಫೀಸಿನ ಫೋನಿನದು. ಯಾವುದು ಯಾವುದಕ್ಕೆಂದು ಹೇಳುವ ಅಕ್ಷರಗಳ ಮೇಲೆ ನನ್ನ ಗಂಧ ಕುಂಕುಮ ಗಟ್ಟಿಯಾಗಿ ಕೂತಿತ್ತು. ಸಾಹೇಬರು ಕೈ ಹಿಂದಕ್ಕೆ ಕಟ್ಟಿಕೊಂಡರು. "ಪೂಜೆ ಮಾಡಿರೋದು. ನಾನು ಒರೆಸೋದು ಚೆನ್ನಾಗಿರಲ್ಲ. ನೀವೇ ತೆಗೀರಿ."

ಸೆರಗಿನ ತುದಿ ಒದ್ದೆ ಮಾಡಿ ಒರೆಸಿದೆ. ಒಂದು ತೂತಿನ ಮೇಲೆ ಲೈನ್ ಎಂದೂ ಇನ್ನೊಂದರ ಮೇಲೆ ಫೋನ್ ಎಂದೂ ಉಬ್ಬಿದ ಇಂಗ್ಲಿಷ್ ಅಕ್ಷರಗಳು ಕಂಡವು. ನಾನು ಅದಲುಬದಲು ಹಾಕಿದ್ದೆ. ಮೋಡೆಂ ಸುಮ್ಮನಿದ್ದಾಗ ಎರಡು ತೂತುಗಳೂ ಒಳಗೊಳಗೇ ಕೂಡಿಕೊಂಡಿರುತ್ತವೆ, ಅದಕ್ಕೇ ಫೋನಿಗೆ ತೊಂದರೆಯಿರಲಿಲ್ಲ. ಮೋಡೆಂ ತಾನು ಮಾತಾಡಲು ಹೊರಟಾಗ ಫೋನಿನ ತೂತನ್ನು ಕಳಚಿಬಿಡುತ್ತದೆ. ಲೈನು ಅದೇ ತೂತಿನಲ್ಲಿದ್ದುದರಿಂದ ತನ್ನ ದಾರಿಯನ್ನು ತಾನೇ ಕತ್ತರಿಸಿಕೊಳ್ಳುತ್ತಿತ್ತು. ಇದನ್ನೆಲ್ಲ ಆಮೇಲೆ ಅವರೇ ವಿವರಿಸಿದರು. ಆ ಹೊತ್ತಿಗೆ ನನಗೆ ಕಂಡದ್ದು ನನ್ನ ತಪ್ಪು ಮಾತ್ರ. ಕಣ್ಣು ತುಂಬಿಕೊಂಡು ವೈರುಗಳನ್ನು ಬದಲಿಸಿದೆ.

"ಡಯಲ್ ಮಾಡ್ಸಿ. ಹೇಳ್ತಾ ಹೋಗಿ."

"ಗುಂಯ್ ಅಂತು ಸಾರ್... ನಂಬರ್ ಹೊಡೀತೈತೆ... ರಿಂಗು... ಅಯ್ಯೋ, ಕಿರುಚ್ಕೊಂತು!" ನಾನು ಅಳುತ್ತ ನಗುತ್ತಿದ್ದೆ. ಸಾಹೇಬರು ನನ್ನನ್ನು ನೋಡಲಿಲ್ಲ, ದೀಪಗಳನ್ನು ನೋಡುತ್ತಿದ್ದರು. ಕೊನೆಯ ದೀಪ ಹತ್ತಿ ಉಳಿದ ಮೇಲೆ ತಲೆಯಾಡಿಸಿ, "ಹೋಯ್ತು," ಎಂದರು. ಮರುದಿನ ಹುರುಳಿಯ ಲಾರಿ ಬಂತು.

ಆದರೆ ರಿಪೋರ್ಟು ಬಾಕಿಯಿತ್ತು. ಮ್ಯಾನೇಜರು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. "ಆಪರೇಟರ್ ನಿರ್ಲಕ್ಷ್ಯ ಅಂತ ಒಂದ್ಲೈನ್ ಎಳೀರಿ ಸಾಹೇಬ್ರೆ, ಮುಗೀತು."

"ಕಾಲಂ ಕೇಳ್ದಷ್ಟು ಬರೀತೀನಿ," ಎಂದು ಅವರು ಬರೆಯತೊಡಗಿದರು. ನಾನು ತಲೆ ತಗ್ಗಿಸಿ ನಿಂತಿದ್ದೆ. ಕುಣಿಗಲ್ ಮ್ಯಾನೇಜರ ಹೆಂಡತಿಯನ್ನೇ ಬಿಡದವರು ನನ್ನನ್ನು ಬಿಡುತ್ತಾರೆಯೇ? ಬರೆದು ಮುಗಿಸಿ ಜೋರಾಗಿ ಓದಿದರು. ಕಾರಣ: ಮ್ಯಾನೇಜರವರ ಸೂಚನೆಯಂತೆ ಆಯುಧಪೂಜೆಗೆ ಯಂತ್ರ ಬಿಚ್ಚಿ ಒರೆಸಿ ಮತ್ತೆ ಜೋಡಿಸುವಾಗ ವೈರು ಅದಲುಬದಲಾದದ್ದು. ಪತ್ತೆ ಮಾಡಿದವರು: ಆಪರೇಟರ್. ಅಲ್ಲಿ ನನ್ನ ಪೂರ್ತಿ ಹೆಸರು. ಸರಿಪಡಿಸಿದವರು: ಮತ್ತೆ ನನ್ನ ಹೆಸರು.

ಮ್ಯಾನೇಜರ ಮುಖ ಇಂಗು ತಿಂದ ಮಂಗನಂತಾಯಿತು. "ಇದೇನ್ ಸಾಹೇಬ್ರೆ, ನಿಮ್ಮ ಹೆಸ್ರೇ ಇಲ್ವಲ್ಲ?"

"ನಾನು ಕೇಳ್ದೆ, ಅವರು ಕಂಡುಹಿಡಿದ್ರು. ಇದರಲ್ಲಿ ಸುಳ್ಳೆಲ್ಲಿದೆ ಹೇಳಿ, ತಿದ್ತೀನಿ."

ತಿದ್ದಲು ಏನೂ ಇರಲಿಲ್ಲ. ಬಾಗಿಲ ತನಕ ಹೋಗಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದವರಿಗೆ ನಾನು ಕೈಮುಗಿದೆ. ಅವರು ದನಿ ತಗ್ಗಿಸಿ ಹೇಳಿದರು: "ಮುಟ್ಟಿದ್ದು ತಪ್ಪಲ್ಲಮ್ಮ. ಮುಟ್ಟಿಲ್ಲ ಅಂದ್ರಲ್ಲ, ಅದು ತಪ್ಪು. ಅದನ್ನೂ ಬರೀಬೇಕಿತ್ತು. ಅದಕ್ಕೆ ಕಾಲಂ ಇಲ್ಲ, ಬಚಾವಾದ್ರಿ."

ಆ ಹಾಳೆ ನನ್ನ ಬದುಕು ತಿರುಗಿಸಿತು. ಹೆಡ್ಡಾಫೀಸಿನವರು ನನ್ನನ್ನು ಕರೆಸಿ ಮಾತಾಡಿದರು. ಕೆಲವೇ ತಿಂಗಳಲ್ಲಿ ಕೆಲಸ ಕಾಯಂ ಆಯಿತು. ಎಲ್ಲ ಡಿಪೋಗಳ ಮೋಡೆಂ ತೊಂದರೆಯನ್ನೂ ಗುಬ್ಬಿಯಿಂದಲೇ ಫೋನಿನಲ್ಲಿ ಕೇಳಿ ಹೇಳುವ ಜವಾಬ್ದಾರಿ ನನಗೆ ಬಂತು. ಅಣ್ಣನ ಮನೆಯಿಂದ ಬಾಡಿಗೆ ಮನೆಗೆ ಹೋದೆ, ನನ್ನ ತಟ್ಟೆ ನಾನೇ ಇಟ್ಟುಕೊಂಡೆ. ಸಾಹೇಬರು ಓಡಾಟದ ಕೆಲಸ ಬಿಟ್ಟು ತುಮಕೂರಿನ ಕುಣಿಗಲ್ ರಸ್ತೆಯಲ್ಲಿದ್ದ ಕಂಪನಿಯ ಉಗ್ರಾಣಕ್ಕೆ ಹೋದರೆಂದು ತಿಳಿಯಿತು. ವಯಸ್ಸಾಯಿತಲ್ಲ, ಅವರೇ ಕೇಳಿ ಹಾಕಿಸಿಕೊಂಡರಂತೆ ಎಂದು ಯಾರೋ ಅಂದರು. ನಾನೂ ನಂಬಿದೆ.

ಹೊಸ ಕೆಲಸದಲ್ಲಿ ತಿಳಿಯದ್ದೇನಾದರೂ ಬಂದಾಗ ಉಗ್ರಾಣಕ್ಕೆ ಫೋನು ಮಾಡುತ್ತಿದ್ದೆ. ಒಂದು ಸಲವೂ ಅವರು ಲೈನಿಗೆ ಬರಲಿಲ್ಲ. ಗುಮಾಸ್ತ, "ಸಾಹೇಬ್ರು ಬಿಜಿ ಇದಾರಂತೆ ಮೇಡಂ. ಗೋಡೆಯಿಂದ ಶುರು ಮಾಡಕ್ ಹೇಳು ಅಂದ್ರು," ಎಂದು ಇಟ್ಟುಬಿಡುತ್ತಿದ್ದ. ಮೊದಲು ನಗು ಬಂತು, ಆಮೇಲೆ ಬೇಸರ, ಆಮೇಲೆ ಸಿಟ್ಟು. ಗೋಣಿಚೀಲ ಎಣಿಸುವ ಜಾಗದಲ್ಲಿ ಅದೆಂಥ ಬಿಜಿ? ಎಳೇ ಹುಡುಗಿ ಮೇಲೆ ಬಂದದ್ದು ಇವರಿಗೆ ಸಹಿಸುತ್ತಿಲ್ಲ ಎಂದು ನಾನೇ ಕತೆ ಕಟ್ಟಿಕೊಂಡೆ. ಒಂದು ಹತ್ತು ಹನ್ನೆರಡು ಸಲ ಮಾಡಿರಬಹುದು. ಆಮೇಲೆ ನಿಲ್ಲಿಸಿದೆ.

ಅವರ ಬೀಳ್ಕೊಡುಗೆಗೆ ತುಮಕೂರಿಗೆ ಹೋಗಿದ್ದೆ. ಹಾರ ಹಾಕಿ, ಗಲಾಟೆಯ ನಡುವೆ, ಎಷ್ಟೋ ದಿನದಿಂದ ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದ ಮಾತು ಹೇಳಿದೆ. "ಸಾರ್, ಅವತ್ತು ನೀವು ಹಾಗೆ ಬರೆಯದಿದ್ರೆ ನಾನು ಈವತ್ತು ಇಲ್ಲಿ ಇರ್ತಿರ್ಲಿಲ್ಲ."

ಅವರು ನಕ್ಕು, "ಇನ್ನೊಂದ್ಸಲ ಹೇಳಿ," ಎಂದರು.

ನನಗೆ ಮೈಯೆಲ್ಲ ಉರಿಯಿತು. ಅಷ್ಟು ಕಷ್ಟಪಟ್ಟು ಹೇಳಿದ್ದನ್ನು ಎಲ್ಲರೆದುರು ಇನ್ನೊಮ್ಮೆ ಹೇಳಿಸಿಕೊಂಡು ಖುಷಿಪಡುವ ಆಸೆಯೇ ಎನಿಸಿತು. "ಏನಿಲ್ಲ ಬಿಡಿ," ಎಂದು ಊಟಕ್ಕೂ ನಿಲ್ಲದೆ ಬಂದುಬಿಟ್ಟೆ. ಅದೇ ಕೊನೆಯ ಭೇಟಿ.

ಸುದ್ದಿ ಬಂದ ಮೇಲೆ ಎರಡು ದಿನ ಸುಮ್ಮನಿದ್ದೆ. ಮುನಿಸು ಏನೇ ಇರಲಿ, ಅನ್ನ ಕೊಟ್ಟ ಕೈ ಎಂದು ಮೂರನೆಯ ದಿನ ಕುಣಿಗಲ್ ಬಸ್ಸು ಹತ್ತಿದೆ. ಮನೆ ಕೆರೆಯ ಕಡೆ ಹೋಗುವ ಒಂದು ಓಣಿಯಲ್ಲಿತ್ತು. ಅವರ ಹೆಂಡತಿ ಚಾಪೆಯ ಮೇಲೆ ಕೂತಿದ್ದರು. ನನ್ನ ಹೆಸರು ಹೇಳಿದೆ. ಅವರಿಗೆ ಗೊತ್ತಾಗಲಿಲ್ಲ. ಗುಬ್ಬಿ ಡಿಪೋ ಎಂದೆ.

"ಯಾ ಅಲ್ಲಾ! ಗುಬ್ಬಿ ಅಮ್ಮ ನೀವೇನಾ? ಬನ್ನಿ ಬೇಟಿ, ಕೂತ್ಕೊಳಿ." ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. "ಮನೇಲಿ ಎಷ್ಟ್ಸಲ ನಿಮ್ಮ ಮಾತು ಬಂದಿದೆ. ಒಳ್ಳೆ ಕಿವಿ ಆ ಹುಡುಗೀದು ಅನ್ನೋರು."

ನನಗೆ ಅರ್ಥವಾಗಲಿಲ್ಲ. "ಕಿವಿಯಾ?"

"ಅವರಿಗೆ ಆಗ್ಲೇ ಕೇಳಿಸ್ತಿರ್ಲಿಲ್ಲ ಅಲ್ವಾ. ಎರಡು ಕಿವೀನೂ ಹೋಗಿತ್ತು. ಬಾಯಿ ನೋಡಿ ಮಾತು ಹಿಡಿಯೋರು, ಯಾರ್ಗೂ ಗೊತ್ತಾಗದ ಹಾಗೆ. ಆದ್ರೆ ಮಿಷನ್‌ಗೆ ಬಾಯಿ ಎಲ್ಲಿದೆ? ದೀಪ ನೋಡ್ಕೊಂಡು ಹೇಗೋ ಎರಡು ವರ್ಷ ತಳ್ಳಿದ್ರು. ಗುಬ್ಬೀಲಿ ದೀಪದಿಂದ ಗೊತ್ತಾಗ್ಲಿಲ್ಲವಂತೆ. ಎಲ್ಲಾ ನೀವೇ ಕೇಳಿ ಹೇಳಿದ್ರಂತೆ."

ಮಗಳು ಟೀ ತಂದಿಟ್ಟು ಹೋದಳು. ಅವರು ಮುಂದುವರಿಸಿದರು. ದನಿಯಲ್ಲಿ ದೂರು ಇರಲಿಲ್ಲ, ಯಾರದೋ ಸಂಗತಿ ಹೇಳುವಂತೆ ಹೇಳುತ್ತಿದ್ದರು.

"ಆ ರಿಪೋರ್ಟ್ ಕಾಗ್ದ ನೋಡಿ ಹೆಡ್ಡಾಫೀಸಲ್ಲಿ ಕರೆಸಿ ಕೇಳಿದ್ರಂತೆ. ಆಪರೇಟರೇ ಕಂಡುಹಿಡಿದು ಆಪರೇಟರೇ ಸರಿ ಮಾಡಿದ್ರೆ ನೀವು ಬಸ್ ಚಾರ್ಜ್ ತಗೊಂಡು ಹೋಗಿದ್ದು ಯಾಕೆ ಅಂತ. ಇವರು ಹೇಳ್ಬಿಟ್ರು, ನನಗೆ ಕಿವಿ ಕೇಳಲ್ಲ ಅಂತ. ಅವತ್ತೇ ಓಡಾಟ ತಪ್ಪಿಸಿ ಗೋಡೌನ್‌ಗೆ ಹಾಕಿದ್ರು. ಕಿವಿ ವಿಷ್ಯ ಬೇರೆ ಯಾರ್ಗೂ ಹೇಳ್ಬೇಡಿ ಅಂತ ಇವರೇ ಕೇಳ್ಕೊಂಡಿದ್ರಂತೆ. ನಾನು ಬೈದೆ. ಒಂದು ಕಡೆ ಆದ್ರೂ ನಿಮ್ಮ ಹೆಸ್ರು ಬರ್ಕೊಂಡಿದ್ರೆ ಏನಾಗ್ತಿತ್ತು ಅಂದೆ. 'ಕೇಳಿಸ್ಕೊಂಡವಳು ಅವಳು. ನನ್ನ ಹೆಸ್ರು ಹೆಂಗೆ ಬರೀಲಿ?' ಅಂದ್ರು. ಅಷ್ಟೇ. ಆ ಕೆಲ್ಸ ಅಂದ್ರೆ ಜೀವ ಅವರಿಗೆ. ಗೋಡೌನ್‌ಗೆ ಹೋದ ಮೇಲೆ ಒಂದು ವರ್ಷ ಮನೇಲಿ ನಗು ಇರ್ಲಿಲ್ಲ."

ಟೀ ಆರುತ್ತಿತ್ತು. ನನ್ನ ಕೆಲಸ ಉಳಿಸಿದ ಎರಡು ಸಾಲೇ ಅವರ ಕೆಲಸ ಕಳೆದಿತ್ತು. ಸಾಲದ್ದಕ್ಕೆ ಅದೇ ಕೆಲಸ ನನ್ನ ಪಾಲಿಗೆ ಬಂದಿತ್ತು. ಅದರ ಸಂಬಳದಲ್ಲಿ ಮನೆ ಮಾಡಿಕೊಂಡು, ಅದೇ ಮನೆಯಲ್ಲಿ ಕೂತು ನಾನು ಅವರನ್ನು ಹೊಟ್ಟೆಕಿಚ್ಚಿನ ಮನುಷ್ಯ ಎಂದು ಬೈದುಕೊಂಡಿದ್ದೆ. ಆ ಹೆಂಗಸಿನ ಮುಖ ನೋಡಲು ನನ್ನಿಂದ ಆಗಲಿಲ್ಲ. "ನಾನು ಬೇಕಾದಷ್ಟು ಸಲ ಫೋನ್ ಮಾಡಿದ್ದೆ," ಎಂದೆ. ಅಪರಾಧಿ ಸಬೂಬು ಹೇಳುವ ದನಿ ನನಗೇ ಕೇಳಿಸಿತು.

"ಗೊತ್ತು ಬೇಟಿ. ಫೋನ್ ಬಂದ ದಿನ ಮನೆಗೆ ಬಂದು ಹೇಳೋರು, ಈವತ್ತೂ ಗುಬ್ಬಿ ಅಮ್ಮ ಫೋನ್ ಮಾಡಿದ್ಲು ಅಂತ. ಎದುರಿಗೆ ಬಂದ್ರೆ ಬಾಯಿ ನೋಡ್ಬೋದು, ಫೋನಲ್ಲಿ ಏನ್ ನೋಡ್ತಾರೆ?" ಗೋಡೆಯ ಗೂಡಿನ ಕಡೆ ಕೈ ತೋರಿಸಿದರು. ಅಲ್ಲಿ ಮಕ್ಕಳ ಹಳೇ ನೋಟುಬುಕ್ಕುಗಳು ಒಟ್ಟಿದ್ದವು. "ಉದ್ದ ಮಾತಿದ್ರೆ ನಾವೆಲ್ಲಾ ಬರೆದೇ ತೋರಿಸ್ತಿದ್ವಿ. ಬರೆದು ಕೊಟ್ರೆ ಸಾಕು, ಗಂಟೆಗಟ್ಟಲೆ ಮಾತಾಡೋರು. ನಿಮ್ಮ ಮೇಲೆ ಅವರಿಗೆ ಏನೂ ಇರ್ಲಿಲ್ಲ. ಒಂದೇ ಒಂದು ಹೇಳೋರು. ಆ ಹುಡುಗಿ ಫೋನೇ ಮಾಡ್ತಾಳೆ, ಕಾಗ್ದ ಬರೆಯಲ್ಲ ಅಂತ."

ಒಂದು ಕಾಗದವನ್ನೂ ನಾನು ಬರೆದಿರಲಿಲ್ಲ. ಗುಬ್ಬಿಯಲ್ಲಿ ಹಾಕಿದ ಕಾರ್ಡು ಆಗ ಎರಡೇ ದಿನಕ್ಕೆ ಕುಣಿಗಲ್ ಸೇರುತ್ತಿತ್ತು.